ನಡಿಗೆಯಿಂದ ನೋಟಕ್ಕೆ: ಮ್ಯೂಲ್ ಡೀರ್ ಬೇಟೆಯ ತಂತ್ರಗಳ ಚರಿತ್ರೆ

ಅಮೆರಿಕದ ಪಶ್ಚಿಮ ಭಾಗದ ಜಿಂಕೆ ಬೇಟೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕೋವಿಗಳ ಚರಿತ್ರೆಯಾಗಿಯೇ ಹೇಳುತ್ತಾರೆ. ಕರಿಮದ್ದು ಹೋಗಿ ಹೊಗೆಯಿಲ್ಲದ ಮದ್ದು ಬಂತು, ಗುಂಡಿನ ವೇಗ ಹೆಚ್ಚಿತು, ದೂರ ಹತ್ತಿರವಾಯಿತು ಎಂಬ ಕ್ರಮದಲ್ಲಿ ಕಥೆ ಸಾಗುತ್ತದೆ. ಮ್ಯೂಲ್ ಡೀರ್ ವಿಷಯದಲ್ಲಿ ಈ ಕ್ರಮ ದಾರಿ ತಪ್ಪಿಸುತ್ತದೆ ಎಂಬುದು ಈ ಲೇಖನದ ವಾದ. ಇಲ್ಲಿ ತಂತ್ರವನ್ನು ನಿಜವಾಗಿ ಬೆಳೆಸಿದ್ದು ಕೋವಿಯ ನಳಿಗೆಯಲ್ಲ, ಬೇಟೆಗಾರನ ಕಣ್ಣು. ಆ ಕಣ್ಣಿಗೆ ತಾಳ್ಮೆ ಕಲಿಸಿದ್ದರಲ್ಲಿ ಕಾನೂನಿನ ಪಾಲೂ ದೊಡ್ಡದು.

ಮೊದಲು ಪ್ರಾಣಿಯನ್ನು ನೋಡಬೇಕು. 1804ರ ಸೆಪ್ಟೆಂಬರಿನಲ್ಲಿ ಈಗಿನ ದಕ್ಷಿಣ ಡಕೋಟಾದ ಬಯಲಿನಲ್ಲಿ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ತಂಡಕ್ಕೆ ಈ ಜಿಂಕೆ ಎದುರಾಯಿತು. ಹೇಸರಗತ್ತೆಯಂಥ ಅದರ ಕಿವಿಗಳನ್ನು ಕಂಡು ಲೂಯಿಸ್ ಹೆಸರಿಟ್ಟ. 1817ರಲ್ಲಿ ನಿಸರ್ಗವಿಜ್ಞಾನಿ ರಾಫಿನೆಸ್ಕ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಬೇಟೆಗಾರನಿಗೆ ಕಿವಿಗಿಂತ ಮುಖ್ಯವಾದದ್ದು ಅದರ ಕಾಲು. ಬೆದರಿದಾಗ ಅದು ನಾಲ್ಕೂ ಕಾಲುಗಳನ್ನು ಒಟ್ಟಿಗೆ ನೆಲಕ್ಕೆ ಒದ್ದು ಚಂಡಿನಂತೆ ಪುಟಿಯುತ್ತದೆ. ಕ್ಯಾಲ್ಗರಿ ವಿಶ್ವವಿದ್ಯಾಲಯದ ವಲೇರಿಯಸ್ ಗೈಸ್ಟ್ ಈ ನೆಗೆತವನ್ನು ಒಂದು ರಕ್ಷಣಾ ಕ್ರಮವೆಂದು ವಿವರಿಸಿದರು. ಬಿಳಿಬಾಲದ ಜಿಂಕೆ ವೇಗವನ್ನು ನಂಬಿ ಓಡಿದರೆ, ಇದು ಬಂಡೆ, ಪೊದೆ, ಏರುಗಳನ್ನು ತನಗೂ ಬೆನ್ನಟ್ಟುವವನಿಗೂ ನಡುವೆ ಇಡುತ್ತಾ ಏರುತ್ತದೆ. ಸುರಕ್ಷಿತ ಅಂತರ ಸಿಕ್ಕಿತೆನಿಸಿದರೆ ಎಷ್ಟೋ ಸಲ ನಿಂತು ಹಿಂತಿರುಗಿ ನೋಡುತ್ತದೆ. ತೋಳ, ಬೆಕ್ಕಿನ ಕುಟುಂಬದ ಕೂಗರ್ ಮುಂತಾದ ಶತ್ರುಗಳೆದುರು ಫಲಿಸಿದ ಈ ಅಭ್ಯಾಸ ರೈಫಲ್ ಎದುರು ಅದಕ್ಕೆ ಮಾರಕವಾಯಿತು.

ರೈಫಲ್ ಬರುವ ಮುನ್ನ ಗ್ರೇಟ್ ಬೇಸಿನ್ನಿನ ಮೂಲನಿವಾಸಿಗಳು ಪೊದೆಬೇಲಿ ಕಟ್ಟಿ, ಹಳು ಸೋವಿ, ಜಿಂಕೆಗಳನ್ನು ಬಿಲ್ಲುಗಾರರ ಮುಂದೆ ತರುತ್ತಿದ್ದರು. ಜಿಂಕೆಯ ತಲೆ ತೊಗಲು ಹೊದ್ದು ಹಿಂಡಿನ ಹತ್ತಿರಕ್ಕೆ ಹೋಗುವ ಪದ್ಧತಿಯೂ ಇತ್ತು. ಪ್ರಾಣಿಯ ಸ್ವಭಾವ ಅರಿಯದೆ ಇವೆರಡೂ ಸಾಧ್ಯವಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಬೇಟೆಗಾರ ನಡೆಯುವವನು. ಕಣಿವೆಯ ಅಂಚಿನಲ್ಲಿ ಸದ್ದಿಲ್ಲದೆ ನಡೆದು, ಮಲಗಿದ ಜಿಂಕೆ ಎದ್ದೋಡಿದಾಗ ಈಡು ಹಾರಿಸುವುದು ಆ ಕಾಲದ ರೂಢಿ. ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೋಡರ್ ರೂಸ್‌ವೆಲ್ಟ್ 1885ರ ತನ್ನ ಪುಸ್ತಕದಲ್ಲಿ ಡಕೋಟಾದ ಬ್ಯಾಡ್‌ಲ್ಯಾಂಡ್ಸ್‌ನ ಈ ಬೇಟೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಅಲ್ಲಿ ಒಂದೇ ಗುಂಡಿಗೆ ಎರಡು ಗಂಡು ಜಿಂಕೆಗಳು ಬಿದ್ದ ಪ್ರಸಂಗವಿದೆ. ಹೆಜ್ಜೆ ಹಾಕಿ ಅಳೆದಾಗ ದೂರ 431 ಹೆಜ್ಜೆ. ಈ ಪ್ರಸಂಗವನ್ನು ಹೆಮ್ಮೆಯ ಮಾತೆಂದು ಓದುವವರೇ ಹೆಚ್ಚು. ಆದರೆ ಅದರ ಬೆನ್ನಿಗೇ ಅವನು ಬರೆದದ್ದನ್ನು ಗಮನಿಸಬೇಕು: ಗುರಿ ತಪ್ಪುವ ಸಂಭವವೇ ಹೆಚ್ಚಿರುವ ದೂರಗಳಲ್ಲಿ ಪದೇ ಪದೇ ಗುಂಡು ಹಾರಿಸುವ ಯಾರಿಗಾದರೂ ಇಂಥದ್ದೊಂದು ಎಂದಾದರೂ ಒದಗುತ್ತದೆ ಎನ್ನುತ್ತಾನೆ. ಆ ಕಾಲದ ತಂತ್ರದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ ನನಗೆ ಕಂಡಿಲ್ಲ. ಬಿದ್ದ ಎರಡರ ಹಿಂದೆ ಹುಸಿಹೋದ ಗುಂಡುಗಳೆಷ್ಟು, ಗಾಯಗೊಂಡು ಕಣಿವೆ ಸೇರಿದ ಜಿಂಕೆಗಳೆಷ್ಟು ಎಂಬ ಪ್ರಶ್ನೆ ಆ ಮಾತಿನೊಳಗೇ ಇದೆ.

1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದಿನ .30-30 ತೋಟಾ ಸೆಕೆಂಡಿಗೆ ಸುಮಾರು 2,000 ಅಡಿ ವೇಗ ಕೊಟ್ಟಿತು. 1925ರಲ್ಲಿ ವಿಂಚೆಸ್ಟರ್ ತಂದ .270 ಆ ವೇಗವನ್ನು 3,000 ದಾಟಿಸಿತು. ಅರಿಜೋನಾದಲ್ಲಿ ಹುಟ್ಟಿದ ಜ್ಯಾಕ್ ಒ'ಕಾನರ್ ಪತ್ರಿಕಾ ಬರಹಗಳ ಮೂಲಕ ಈ ತೋಟಾವನ್ನು ಮನೆಮಾತಾಗಿಸಿದರು. ಇಷ್ಟಾದರೂ ಬೇಟೆಯ ಕ್ರಮ ಬಹುಮಟ್ಟಿಗೆ ಹಳೆಯದೇ ಆಗಿ ಉಳಿಯಿತು: ನಡೆ, ಎಬ್ಬಿಸು, ಓಡುವುದಕ್ಕೆ ಹೊಡೆ. ಬದಲಾವಣೆ ಬಂದದ್ದು ಗಾಜಿನಿಂದ. 1930ರ ದಶಕದಲ್ಲಿ ವಿಲಿಯಂ ವೀವರ್ ಅಗ್ಗದ ಸ್ಕೋಪ್‌ಗಳನ್ನು ಸಾಮಾನ್ಯರ ಕೈಗೆ ತಲುಪಿಸಿದ. ಎರಡನೆಯ ಮಹಾಯುದ್ಧದ ನಂತರ ಒಳ್ಳೆಯ ದುರ್ಬೀನುಗಳೂ ಬಂದವು. ಸ್ಕೋಪಿನಲ್ಲಿ ನಿಂತ ಜಿಂಕೆ ಸ್ಪಷ್ಟವಾಗಿ ಕಾಣುತ್ತದೆ, ಪುಟಿಯುವ ಜಿಂಕೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಅದು ಏಳುವ ಮೊದಲೇ ಕಾಣಬೇಕಾಯಿತು.

ಹೀಗೆ ಬೇಟೆಗಾರ ಕುಳಿತ. ಬೆಳಕು ಹರಿಯುವ ಮುಂಚೆ ಎದುರಿನ ಇಳಿಜಾರು ಪೂರ್ತಿ ಕಾಣುವ ದಿಣ್ಣೆ ಹತ್ತಿ, ಸೂರ್ಯನಿಗೆ ಬೆನ್ನುಕೊಟ್ಟು, ಟ್ರೈಪಾಡಿನ ಮೇಲೆ ಹತ್ತು ಅಥವಾ ಹದಿನೈದು ಪಟ್ಟಿನ ದುರ್ಬೀನು ನಿಲ್ಲಿಸುತ್ತಾನೆ. ಅವನು ಹುಡುಕುವುದು ಇಡೀ ಜಿಂಕೆಯನ್ನಲ್ಲ. ಜುನಿಪರ್ ಮರದ ನೆರಳಿನಲ್ಲಿ ಬೆನ್ನಿನ ಅಡ್ಡಗೆರೆ, ಕಿವಿಯ ಒಂದು ಅಲುಗಾಟ, ಪೃಷ್ಠದ ಬಿಳಿ. ಮೇದು ಮುಗಿದ ಗಂಡು ಎಲ್ಲಿ ಮಲಗಿತೆಂದು ಗುರುತಿಟ್ಟುಕೊಳ್ಳುತ್ತಾನೆ. ಆಮೇಲಿನದು ಗಾಳಿಯ ಲೆಕ್ಕ. ಮುಂಜಾನೆಯ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ನೆಲ ಕಾದ ಮೇಲೆ ಮೇಲಕ್ಕೇರುತ್ತದೆ. ಮೇಲಿನಿಂದ ಇಳಿದು ಸಮೀಪಿಸುವವನು ಆ ತಿರುವಿನವರೆಗೆ ಕಾಯಲೇಬೇಕು. ಅವಸರಪಟ್ಟರೆ ಅವನ ವಾಸನೆ ಅವನಿಗಿಂತ ಮೊದಲು ಜಿಂಕೆಯನ್ನು ತಲುಪುತ್ತದೆ.

ಈ ತಾಳ್ಮೆಗೆ ಗಾಜು ಮಾತ್ರ ಕಾರಣವಲ್ಲ. ಮಾಂಸ, ತೊಗಲುಗಳ ವ್ಯಾಪಾರಕ್ಕಾಗಿ ನಡೆದ ಬೇಟೆ ಹಿಂಡುಗಳನ್ನು ಬರಿದು ಮಾಡಿದ್ದರಿಂದ 1900ರಲ್ಲಿ, ಕಾನೂನು ಮೀರಿ ಕೊಂದ ಪ್ರಾಣಿಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯುವ ಲೇಸಿ ಕಾಯ್ದೆ ಬಂತು. ರಾಜ್ಯಗಳು ಋತು, ಪರವಾನಗಿಗಳನ್ನು ಬಿಗಿಗೊಳಿಸಿದವು. ಅರಿಜೋನಾದ ಕೈಬಾಬ್ ಪ್ರಸ್ಥಭೂಮಿಯಲ್ಲಿ ಈ ರಕ್ಷಣೆಯ ಮತ್ತೊಂದು ಮುಖ ಕಂಡಿತು. 1906ರಲ್ಲಿ ಅದನ್ನು ರಕ್ಷಿತ ಪ್ರದೇಶವಾಗಿಸಿ, ಬೇಟೆ ನಿಲ್ಲಿಸಿ, ಮಾಂಸಾಹಾರಿ ಪ್ರಾಣಿಗಳನ್ನು ಕೊಂದರು. 1924ರ ಹೊತ್ತಿಗೆ ಜಿಂಕೆಗಳು ಒಂದು ಲಕ್ಷದಷ್ಟಾಗಿದ್ದವೆಂಬ ಅಂದಾಜು ಪ್ರಸಿದ್ಧ. 1970ರಲ್ಲಿ ಪರಿಸರವಿಜ್ಞಾನಿ ಗ್ರೇಮ್ ಕಾಗ್ಲಿ ಆ ಲೆಕ್ಕಗಳನ್ನೂ ಅವಕ್ಕೆ ಕೊಟ್ಟ ಕಾರಣಗಳನ್ನೂ ಪ್ರಶ್ನಿಸಿದ ಮೇಲೆ ಆ ಅಂಕಿಯನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ. ಆದರೆ ಮೇವು ಮುಗಿದು ಚಳಿಗಾಲಗಳಲ್ಲಿ ಜಿಂಕೆಗಳು ಸತ್ತದ್ದು ನಿಜ. ಅವುಗಳನ್ನು ಗ್ರ್ಯಾಂಡ್ ಕ್ಯಾನಿಯನ್ ದಾಟಿಸಿ ಸಾಗಿಸುವ 1924ರ ಯತ್ನ ಪೂರ್ತಿ ಸೋತಿತು. ಬೇಲಿಯಿಲ್ಲದೆ ಸೋವಿದರೆ ಹಿಂಡಾಗಿ ಮುಂದೆ ಹೋಗುವ ಪ್ರಾಣಿ ಇದಲ್ಲ. ಸೋವುವವರ ಸಾಲಿನ ನಡುವೆ ನುಸುಳಿ ಜಿಂಕೆಗಳು ಹಿಂದಕ್ಕೇ ಓಡಿದವು. ನಿಯಂತ್ರಿತ ಬೇಟೆ ಮತ್ತೆ ಶುರುವಾದದ್ದು ಮೇವು ಮುಗಿದ ಈ ಅನುಭವದ ಮೇಲೆ. ಒಂದು ಪರವಾನಗಿಗೆ ಒಂದೇ ಜಿಂಕೆ ಎಂದಾದ ಮೇಲೆ ಕಂಡದ್ದಕ್ಕೆಲ್ಲ ಗುಂಡು ಹಾರಿಸುವುದರಲ್ಲಿ ಅರ್ಥವುಳಿಯಲಿಲ್ಲ. ಆರಿಸಿಕೊಳ್ಳುವವನು ಮೊದಲು ನೋಡಬೇಕು.

ಲೇಸರ್ ದೂರಮಾಪಕಗಳು 1990ರ ದಶಕದಲ್ಲಿ ಸಾಮಾನ್ಯರಿಗೆ ಸಿಕ್ಕ ಮೇಲೆ ಹಳೆಯ ಆಸೆ ಹೊಸ ರೂಪದಲ್ಲಿ ಮರಳಿದೆ. ದೂರ ಕರಾರುವಾಕ್ಕಾಗಿ ಗೊತ್ತಾದರೆ ಹತ್ತಿರ ಹೋಗುವ ಶ್ರಮವೇಕೆ ಎನ್ನುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. .270ರ ಗುಂಡಿಗೂ 400 ಗಜ ಮುಟ್ಟಲು ಸುಮಾರು ಅರ್ಧ ಸೆಕೆಂಡು ಬೇಕು. ಮೇಯುತ್ತಿರುವ ಜಿಂಕೆ ಒಂದು ಹೆಜ್ಜೆ ಇಡಲು ಅಷ್ಟು ಸಾಕು. ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಅಳತೆಯ ಯಂತ್ರ ದೂರ ಹೇಳೀತು, ಆ ಹೆಜ್ಜೆಯನ್ನು ಹೇಳಲಾರದು. 1887ರಲ್ಲಿ ರೂಸ್‌ವೆಲ್ಟ್ ಮುಂದಾಗಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇಂದು ಅತಿದೂರದ ಈಡಿನ ವಿರುದ್ಧ ನಿಲುವು ತಳೆದಿರುವುದು ಇದೇ ಕಾಳಜಿಯಿಂದ.

ತಂತ್ರದ ವ್ಯಾಪ್ತಿ ಈಗ ಗುಂಡು ತಗುಲಿದ ನಂತರಕ್ಕೂ ಹಬ್ಬಿದೆ. ಸೀಸದ ಗುಂಡು ಜಿಂಕೆಯ ಮೈಯೊಳಗೆ ಸಣ್ಣ ಚೂರುಗಳಾಗಿ ಸಿಡಿಯುತ್ತದೆ. ಬೇಟೆಗಾರ ಅಲ್ಲೇ ಬಿಟ್ಟುಹೋದ ಕರುಳನ್ನು ತಿಂದ ಕಾಂಡೋರ್ ರಣಹದ್ದುಗಳು ವಿಷವೇರಿ ಸಾಯುತ್ತವೆ. ಕ್ಯಾಲಿಫೋರ್ನಿಯಾ 2019ರಲ್ಲಿ ಬೇಟೆಗೆ ಸೀಸವನ್ನು ಪೂರ್ತಿ ನಿಷೇಧಿಸಿತು. ಅರಿಜೋನಾದ ಬೇಟೆ ಇಲಾಖೆ ನಿಷೇಧದ ದಾರಿ ಹಿಡಿಯದೆ, 2005ರಿಂದ ಕೈಬಾಬಿನ ಪರವಾನಗಿದಾರರಿಗೆ ಸೀಸವಿಲ್ಲದ ತೋಟಾಗಳನ್ನು ಉಚಿತವಾಗಿ ಕೊಡುತ್ತಾ ಬಂದಿದೆ. ಹೆಚ್ಚಿನವರು ತಾವಾಗಿಯೇ ತಾಮ್ರದ ಗುಂಡಿಗೆ ಬದಲಾಗಿದ್ದಾರೆ. ಸೀಸವನ್ನೇ ಬಳಸುವವರಲ್ಲಿ ಕೆಲವರು ಕರುಳನ್ನೂ ಹೊತ್ತು ಕೆಳಗಿಳಿಸುತ್ತಾರೆ.