ಸಂತ ಡನ್‌ಸ್ಟನ್ನರ ಹಬ್ಬ ಮತ್ತು ಬೆಳ್ಳಿಯ ಮೇಲಿನ ಮುದ್ರೆ



ಮೇ 19 ಸಂತ ಡನ್‌ಸ್ಟನ್ನರ ಹಬ್ಬದ ದಿನ. ನಮ್ಮ ಧರ್ಮಕೇಂದ್ರಗಳಲ್ಲಿ ಈ ಸಂತರ ಹೆಸರನ್ನು ಕೇಳಿದವರು ಕಡಿಮೆ. ಇಂಗ್ಲೆಂಡಿನ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾಗಿದ್ದ ಇವರು 988ರಲ್ಲಿ ನಿಧನರಾದರು. ಮಠವಾಸಿಯಾಗಿದ್ದಾಗ ಇವರು ಲೋಹದ ಕೆಲಸವನ್ನೂ ಕೈಯಾರೆ ಮಾಡುತ್ತಿದ್ದರೆಂಬ ಪ್ರತೀತಿ ಇದೆ. ಆದಕಾರಣ ಲಂಡನ್ನಿನ ಅಕ್ಕಸಾಲಿಗರ ಸಂಘ ಇವರನ್ನೇ ತನ್ನ ಪಾಲಕ ಸಂತರನ್ನಾಗಿ ಆರಿಸಿಕೊಂಡಿತು. ಈ ಹಬ್ಬಕ್ಕೂ ನಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಬೆಳ್ಳಿಗೂ ಒಂದು ನಂಟಿದೆ. ಅದನ್ನು ತಿಳಿಸುವುದಕ್ಕಾಗಿಯೇ ಈ ಬರಹ.

ನಮ್ಮ ಕಡೆ ಮೇ ತಿಂಗಳೆಂದರೆ ಒಂದು ಕಡೆ ಸುಡುವ ಬಿಸಿಲು, ಇನ್ನೊಂದು ಕಡೆ ಮದುವೆಗಳ ಸಾಲು. ಅಂಥದೊಂದು ಮೇ ತಿಂಗಳಿನಲ್ಲಿ ನಾವು ನಂದೂರದ ಒಂದು ಮನೆಗೆ ಭೇಟಿ ಕೊಟ್ಟಿದ್ದೆವು. ಮಗಳ ಮದುವೆ ಗೊತ್ತಾಗಿತ್ತು. ಮನೆಯ ಯಜಮಾನರು ಹಳೆಯ ಸೀರೆಯಲ್ಲಿ ಕಟ್ಟಿದ್ದ ಗಂಟೊಂದನ್ನು ಬಿಚ್ಚಿ ನಮ್ಮ ಮುಂದಿಟ್ಟರು. ಒಳಗೆ ಆರು ಚಮಚಗಳು, ಚಹಾದ ಒಂದು ದೊಡ್ಡ ಕಿಟ್ಲಿ.

“ನಮ್ಮ ಮುತ್ಯಾ ವಾಡಿ ರೈಲ್ವೆದಾಗ ಸಾಹೇಬರ ಮನ್ಯಾಗ ಅಡಗಿ ಮಾಡ್ತಿದ್ರು ಫಾದರ್. ಸಾಹೇಬ್ರು ಊರಿಗಿ ಹೋಗುಮುಂದ ಕೊಟ್ಟು ಹೋದ್ರಂತ. ಬೆಳ್ಳಿ ಹೌದಲ್ರೀ?” ಎಂದು ಕೇಳಿದರು.

ಆ ಮಾತನ್ನು ನಂಬದಿರಲು ಕಾರಣವಿರಲಿಲ್ಲ. ಮುಂಬಯಿಯಿಂದ ಹೊರಟ ರೈಲುಮಾರ್ಗ ಕಲಬುರಗಿಯನ್ನು ಹಾದು 1871ರಲ್ಲಿ ರಾಯಚೂರು ತಲುಪಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ರೈಲಿನ ಜೊತೆಗೆ ಇಂಗ್ಲಿಷ್ ಕುಟುಂಬಗಳೂ ಅವರ ಮೇಜಿನ ಸಾಮಾನುಗಳೂ ಈ ಸೀಮೆಗೆ ಬಂದವು. ಆದರೆ ಆ ಪ್ರಶ್ನೆಯ ಹಿಂದೆ ಇನ್ನೊಂದು ಚಿಂತೆ ಇತ್ತು. ತೂಕದಲ್ಲಿ ಕಿಟ್ಲಿಯೇ ದೊಡ್ಡದು. ಅದನ್ನು ಒತ್ತೆ ಇಟ್ಟು ಮದುವೆಗೆ ಸಾಲ ತರುವುದೆಂದು ಪರಿಚಯದವರೊಬ್ಬರಿಗೆ ಅವರು ಮಾತು ಕೊಟ್ಟಾಗಿತ್ತು. ಆ ಪರಿಚಯದವರೂ ಒರೆಗೆ ಹಚ್ಚಿ ನೋಡದೆ, ಇವರ ಮಾತನ್ನೇ ನಂಬಿ ಹಣ ಕೊಡಲು ಒಪ್ಪಿದ್ದರು.

ಸೆಮಿನರಿಯಲ್ಲಿ ಓದುತ್ತಿದ್ದಾಗ ಹಬ್ಬಗಳ ಮುನ್ನ ಬಲಿಪೂಜೆಯ ಪಾತ್ರೆಗಳನ್ನು ತಿಕ್ಕಿ ಬೆಳಗುವ ಸರದಿ ನಮಗೂ ಬರುತ್ತಿತ್ತು. ಆಗ ಹಿರಿಯ ಗುರುಗಳೊಬ್ಬರು ಹಳೆಯ ಪಾತ್ರೆಯ ಅಡಿಯಲ್ಲಿದ್ದ ಸಣ್ಣ ಗುರುತುಗಳನ್ನು ತೋರಿಸಿ, ಅವುಗಳನ್ನು ಓದುವ ಬಗೆ ಕಲಿಸಿದ್ದರು. ಆ ಪಾಠ ಅಂದು ನಂದೂರದಲ್ಲಿ ಉಪಯೋಗಕ್ಕೆ ಬಂತು. ಭೂತಗನ್ನಡಿ ತರಿಸಿ ಬಾಗಿಲ ಬೆಳಕಿನಲ್ಲಿ ಕುಳಿತೆವು.

ಮೊದಲು ಈ ಗುರುತುಗಳ ಇತಿಹಾಸವನ್ನು ತಿಳಿಯೋಣ. ಶುದ್ಧ ಬೆಳ್ಳಿ ಬಹಳ ಮೆತ್ತಗೆ. ಗಟ್ಟಿಯಾಗಲು ಅದಕ್ಕೆ ತಾಮ್ರ ಬೆರೆಸಬೇಕು. ಎಷ್ಟು ಬೆರೆಸಿದ್ದಾರೆಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಮೋಸಕ್ಕೆ ದಾರಿ ಇರುವುದೇ ಅಲ್ಲಿ. ಆದ್ದರಿಂದ 1300ರಲ್ಲಿ ಇಂಗ್ಲೆಂಡಿನ ಅರಸ ಒಂದನೆಯ ಎಡ್ವರ್ಡ್ ಒಂದು ಕಾಯಿದೆ ತಂದನು. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ ಇರಬೇಕು, ಪರೀಕ್ಷೆಯಲ್ಲಿ ಗೆದ್ದ ಸಾಮಾನಿಗೆ ಚಿರತೆಯ ತಲೆಯ ಮುದ್ರೆ ಒತ್ತಬೇಕು ಎಂಬುದು ಅದರ ಸಾರ. ಇದೇ ‘ಸ್ಟರ್ಲಿಂಗ್’ ಬೆಳ್ಳಿ. 1363ರಲ್ಲಿ ಇನ್ನೊಂದು ನಿಯಮ ಬಂತು: ಮಾಡಿದವನು ತನ್ನದೇ ಗುರುತನ್ನು ಸಾಮಾನಿನ ಮೇಲೆ ಹಾಕಬೇಕು. ಓದು ಬಾರದ ಜನರಿಗೂ ತಿಳಿಯುವಂತೆ ಮೊದಮೊದಲು ಮೀನು, ನಕ್ಷತ್ರದಂಥ ಚಿತ್ರಗಳಿರುತ್ತಿದ್ದವು. ಆಮೇಲೆ ಹೆಸರಿನ ಮೊದಲಕ್ಷರಗಳು ಬಂದವು.

1478ರಲ್ಲಿ ವ್ಯವಸ್ಥೆ ಇನ್ನಷ್ಟು ಬಿಗಿಯಾಯಿತು. ಸಾಮಾನುಗಳನ್ನು ಲಂಡನ್ನಿನ ಅಕ್ಕಸಾಲಿಗರ ಸಂಘದ ಹಾಲ್‌ಗೆ ತಂದು ಪರೀಕ್ಷೆ ಮಾಡಿಸಬೇಕಾಯಿತು. ‘ಹಾಲ್‌ಮಾರ್ಕ್’ ಎಂಬ ಹೆಸರು ಹುಟ್ಟಿದ್ದು ಹೀಗೆ. ಅದೇ ವರ್ಷದಿಂದ ಪ್ರತಿ ವರ್ಷಕ್ಕೆ ಒಂದು ಅಕ್ಷರವನ್ನೂ ಒತ್ತತೊಡಗಿದರು. ಸಂಘದ ಹೊಸ ಮೇಲ್ವಿಚಾರಕರು ಅಧಿಕಾರಕ್ಕೆ ಬರುವ ಸಂತ ಡನ್‌ಸ್ಟನ್ನರ ಹಬ್ಬದ ದಿನವೇ ಅಕ್ಷರವೂ ಬದಲಾಗುತ್ತಿತ್ತು. 1660ರಲ್ಲಿ ಅರಸ ಎರಡನೆಯ ಚಾರ್ಲ್ಸನ ಹುಟ್ಟುಹಬ್ಬವಾದ ಮೇ 29ಕ್ಕೆ ಅದನ್ನು ಮುಂದೂಡುವವರೆಗೂ ಈ ಪದ್ಧತಿ ನಡೆಯಿತು.

ಪ್ರಿಯರೇ, ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಇಂದು ನಾವು ಆ ಅಕ್ಷರವನ್ನು ನೋಡಿ ಸಾಮಾನಿನ ವಯಸ್ಸು ಹೇಳುತ್ತೇವೆ. ಆದರೆ ಅದನ್ನು ಶುರು ಮಾಡಿದ್ದು ವಯಸ್ಸು ಹೇಳಲಿಕ್ಕಲ್ಲ. ಮುಂದೆ ಎಂದಾದರೂ ಬೆಳ್ಳಿ ಕಳಪೆ ಎಂದು ಗೊತ್ತಾದರೆ, ಆ ವರ್ಷ ಪರೀಕ್ಷೆ ಮಾಡಿ ‘ಸರಿ ಇದೆ’ ಎಂದವರು ಯಾರೆಂದು ಹಿಡಿಯಲಿಕ್ಕೆ. ಮಾಡಿದವನ ಗುರುತು ಮಾಡಿದವನ ಹೊಣೆ; ವರ್ಷದ ಅಕ್ಷರ ಪರೀಕ್ಷಿಸಿದವನ ಹೊಣೆ. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ಪಟ್ಟಣಗಳಲ್ಲಿ ಪರೀಕ್ಷಾ ಕಚೇರಿಗಳು ತೆರೆದಾಗಲೂ ಇದೇ ನ್ಯಾಯ. ಪ್ರತಿ ಸಾಮಾನಿನಿಂದ ಕೆರೆದ ಚೂರುಗಳಲ್ಲಿ ಸ್ವಲ್ಪವನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟು, ಅರಸರ ಟಂಕಸಾಲೆಗೆ ಕಳಿಸಿ, ಪರೀಕ್ಷಕರನ್ನೇ ಪರೀಕ್ಷಿಸುತ್ತಿದ್ದರು.

ಈಗ ನಂದೂರದ ಚಮಚಕ್ಕೆ ಬರೋಣ. ಹಿಡಿಕೆಯ ಹಿಂಬದಿಯಲ್ಲಿ ಐದು ಗುರುತುಗಳಿದ್ದವು. ಒಂದು, ನಡೆಯುತ್ತಿರುವ ಸಿಂಹ. 1544ರಿಂದ ಬಂದ ಇದು ಸ್ಟರ್ಲಿಂಗ್ ಬೆಳ್ಳಿಯ ಗುರುತು. ಎರಡು, ಚಿರತೆಯ ತಲೆ, ಇದು ಲಂಡನ್ನಿನದು. ಇದರ ಜಾಗದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಕೋಟೆ ಇದ್ದರೆ ಎಡಿನ್‌ಬರೋ, ಹಳೆಯ ಸಾಮಾನಿನಲ್ಲಿ ಕಿರೀಟ ಇದ್ದರೆ ಶೆಫೀಲ್ಡ್. ಮೂರು, ಇಂಗ್ಲಿಷಿನ ದೊಡ್ಡ ‘ಇ’ ಅಕ್ಷರ. ನಾಲ್ಕು, ಎಡಕ್ಕೆ ಮುಖ ಮಾಡಿದ ರಾಣಿಯ ತಲೆ. ಐದು, ಮಾಡಿದವರ ಮೊದಲಕ್ಷರಗಳು. ಅವು ಮಾತ್ರ ಉಜ್ಜಿ ಉಜ್ಜಿ ಸವೆದುಹೋಗಿದ್ದವು.

ಅಕ್ಷರ ಒಂದನ್ನೇ ನಂಬಿದರೆ ತಪ್ಪಾಗುತ್ತದೆ. ಲಂಡನ್ನಿನವರು ಇಪ್ಪತ್ತು ಅಕ್ಷರ ಮುಗಿದೊಡನೆ ಅಕ್ಷರದ ಆಕಾರ ಬದಲಿಸಿ ಮತ್ತೆ ಮೊದಲಿಂದ ಶುರು ಮಾಡುತ್ತಿದ್ದರು. ಹಾಗಾಗಿ ದೊಡ್ಡ ‘ಇ’ ಅಕ್ಷರ 1800ಕ್ಕೂ ಬರುತ್ತದೆ, 1880ಕ್ಕೂ ಬರುತ್ತದೆ. ಆದರೆ 1800ರ ಚಿರತೆಗೆ ಕಿರೀಟವಿತ್ತು. 1821ರ ಸುಮಾರಿಗೆ ಅದನ್ನು ತೆಗೆದರು. ಈ ಚಮಚದ ಚಿರತೆ ಬರಿದಲೆಯದು. ಅರಸರ ತಲೆ ಎಂದರೆ ಸುಂಕ ಕಟ್ಟಿದ ಗುರುತು. 1784ರಿಂದ 1890ರವರೆಗೆ ಮಾತ್ರ ಒತ್ತುತ್ತಿದ್ದರು. 1800ರಲ್ಲಿದ್ದದ್ದು ಬಲಕ್ಕೆ ನೋಡುವ ಮೂರನೆಯ ಜಾರ್ಜ್. ಎಡಕ್ಕೆ ನೋಡುವವಳು ವಿಕ್ಟೋರಿಯಾ ರಾಣಿ. ಮೂರು ಗುರುತುಗಳೂ ಒಂದೇ ಸಾಕ್ಷಿ ಹೇಳಿದವು: 1880ರ ಚಮಚ, ಅಸಲಿ ಬೆಳ್ಳಿ. ಮನೆಯವರ ಮುಖ ಅರಳಿತು.

ಆಮೇಲೆ ಕಿಟ್ಲಿಯನ್ನು ತಿರುವಿ ಹಾಕಿದೆವು. ಅಡಿಯಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ನಾಲ್ಕು ಗುರುತು. ದೂರದಿಂದ ನೋಡಿದರೆ ಹಾಲ್‌ಮಾರ್ಕ್‌ನಂತೆಯೇ. ಭೂತಗನ್ನಡಿ ಹಿಡಿದಾಗ ಸಿಂಹವೂ ಇಲ್ಲ, ಚಿರತೆಯೂ ಇಲ್ಲ, ಇದ್ದದ್ದು ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಅಕ್ಷರ. ಎಂದರೆ ನಿಕಲ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ನೀರು ಕೊಟ್ಟ ಸಾಮಾನು. ನಿಕಲ್ ಸಿಲ್ವರ್ ಎಂಬುದು ಹೆಸರಿಗೆ ಮಾತ್ರ ಸಿಲ್ವರ್. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ, ಬೆಳ್ಳಿ ಅದರಲ್ಲಿ ಇಲ್ಲ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಇಂಥ ಸಾಮಾನು ಎಲ್ಲೆಡೆ ಹರಡಿತು. ಇದರಲ್ಲಿ ಸುಳ್ಳೇನೂ ಇಲ್ಲ, ಸತ್ಯವನ್ನು ಅಡಿಯಲ್ಲೇ ಬರೆದಿದ್ದಾರೆ. ಓದುವ ಕಣ್ಣು ಬೇಕು, ಅಷ್ಟೆ.

ನಮ್ಮ ಸೀಮೆಯ ಜನರಿಗೆ ಈ ವಿವೇಚನೆ ಹೊಸದಲ್ಲ. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗ ಅಹ್ಸನಾಬಾದ್ ಎಂಬ ಹೆಸರಿನಲ್ಲಿ ಇಲ್ಲಿ ಬೆಳ್ಳಿಯ ಟಂಕ ಅಚ್ಚಾಗುತ್ತಿತ್ತು. ಅದರ ಮೇಲೂ ದೊರೆಯ ಹೆಸರು, ಊರಿನ ಹೆಸರು, ಹಿಜರಿ ವರ್ಷ ಇರುತ್ತಿದ್ದವು. ನಿಜಾಮರ ಕಾಲದಲ್ಲಿ ಎರಡು ಬಗೆಯ ರೂಪಾಯಿ ನಡೆಯುತ್ತಿದ್ದವು: ಹೈದರಾಬಾದಿನ ಹಾಲಿ ಸಿಕ್ಕಾ ಮತ್ತು ಇಂಗ್ಲಿಷರ ಕಲ್ದಾರ. ಕಲ್ದಾರ ರೂಪಾಯಿ ತೂಕದಲ್ಲಿ ಸರಿಯಾಗಿ ಒಂದು ತೊಲ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಾಲಿ ಸಿಕ್ಕಾದಲ್ಲಿ ಬೆಳ್ಳಿ ಅದಕ್ಕಿಂತ ಕಡಿಮೆ. ಆದ್ದರಿಂದ ಆರು ಕಲ್ದಾರಕ್ಕೆ ಸುಮಾರು ಏಳು ಹಾಲಿ ಸಿಕ್ಕಾ ಕೊಡಬೇಕಾಗುತ್ತಿತ್ತು. ಸಂತೆಗೆ ಹೋಗುವ ರೈತನೂ ನಾಣ್ಯವನ್ನು ತಿರುವಿ ನೋಡದೆ ತೆಗೆದುಕೊಳ್ಳುತ್ತಿರಲಿಲ್ಲ.

ಆದರೆ ಇಂಗ್ಲಿಷರ ಆಳ್ವಿಕೆಯಲ್ಲಿ ಇಲ್ಲಿ ತಯಾರಾದ ಬೆಳ್ಳಿಯ ಸಾಮಾನಿಗೆ ಲಂಡನ್ನಿನಂಥ ಪರೀಕ್ಷಾ ಕಚೇರಿ ಇರಲಿಲ್ಲ. ಮದರಾಸಿನ ಪಿ. ಆರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್, ಬೆಂಗಳೂರಿನ ಬಾರ್ಟನ್ ಮುಂತಾದ ಅಂಗಡಿಗಳು ತಮ್ಮ ಹೆಸರನ್ನೋ ಗುರುತನ್ನೋ ತಾವೇ ಒತ್ತಿಕೊಳ್ಳುತ್ತಿದ್ದವು. ಕಲ್ಕತ್ತೆಯ ಕೆಲವರು ಲಂಡನ್ನಿನ ಗುರುತುಗಳನ್ನು ಹೋಲುವ ಮುದ್ರೆಗಳನ್ನೂ ಹಾಕಿದರು. ಅಲ್ಲಿ ಮಾಡಿದವನ ಮಾತೇ ಆಧಾರ. ಅದನ್ನು ಪರೀಕ್ಷಿಸಿದ ಎರಡನೆಯ ಸಾಕ್ಷಿ ಇಲ್ಲ. ನಮ್ಮ ಹಳ್ಳಿಗಳಲ್ಲಂತೂ ಪತ್ತಾರರ ಒರೆಗಲ್ಲು, ಅವರ ಮನೆತನದ ಹೆಸರು, ಇವೆರಡೇ ಮುದ್ರೆ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಮೆಚ್ಚುಗೆ ಪಡೆದ ಬೀದರಿನ ಬಿದರಿ ಸಾಮಾನುಗಳಿಗೆ ಬೆಳ್ಳಿಯ ಎಳೆ ಕೂಡಿಸಿದ ಕೈಗಳು ಯಾರವು ಎಂಬುದು ಬಹುಪಾಲು ಸಾಮಾನುಗಳ ಮೇಲೆ ಬರೆದಿಲ್ಲ. ಕೆಲಸ ಉಳಿಯಿತು, ಹೆಸರು ಅಳಿಯಿತು.

ಒಂದು ಗುರುತು ಒಬ್ಬ ಸಾಮಾನ್ಯರ ಹೆಸರನ್ನು ಹೇಗೆ ಉಳಿಸಬಲ್ಲದು ಎಂಬುದಕ್ಕೆ ಲಂಡನ್ನಿನ ಹೆಸ್ಟರ್ ಬೇಟ್‌ಮನ್ ಎಂಬ ವಿಧವೆ ಸಾಕ್ಷಿ. 1760ರಲ್ಲಿ ಪತಿ ತೀರಿಕೊಂಡಾಗ ಮಕ್ಕಳ ಭಾರ ಅವರ ಮೇಲೆ ಬಿತ್ತು. ಮರುವರ್ಷವೇ ಅಕ್ಕಸಾಲಿಗರ ಹಾಲ್‌ಗೆ ಹೋಗಿ ‘ಎಚ್‌.ಬಿ.’ ಎಂಬ ಗುರುತನ್ನು ತಮ್ಮ ಹೆಸರಿಗೆ ನೋಂದಾಯಿಸಿದರು. 1790ರವರೆಗೆ ಮಕ್ಕಳನ್ನು ಜೊತೆಗಿಟ್ಟುಕೊಂಡು ಕಾರ್ಯಾಗಾರ ನಡೆಸಿದರು. ಇಂದು ಆ ಎರಡು ಅಕ್ಷರವಿರುವ ಚಮಚಕ್ಕೆ ಬೆಳ್ಳಿಯ ತೂಕಕ್ಕಿಂತ ಎಷ್ಟೋ ಹೆಚ್ಚು ಬೆಲೆ. ತಿಳಿಯದೆ ಕರಗಿಸಿದರೆ ಉಳಿಯುವುದು ತೂಕ ಮಾತ್ರ.

ನಂದೂರದ ಮನೆಯಲ್ಲಿ ಅಂದು ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕಿಟ್ಲಿ ಬೆಳ್ಳಿಯಲ್ಲ ಎಂಬುದು ಆ ಕೋಣೆಯಲ್ಲಿದ್ದವರಿಗೆ ಮಾತ್ರ ಗೊತ್ತು. ಹಣ ಕೊಡುವವರಿಗೆ ಗೊತ್ತಿಲ್ಲ. ಮದುವೆಗೆ ಉಳಿದದ್ದು ಹತ್ತೇ ದಿನ. “ಅವ್ರೇನು ನೋಡಂಗಿಲ್ರೀ ಫಾದರ್” ಎಂದು ಯಜಮಾನರು ಮೆಲ್ಲಗೆ ಅಂದರು. ಆಗ ಅವರ ತಾಯಿ ಒಳಗಿನಿಂದಲೇ, “ನೋಡಂಗಿಲ್ಲಂತನೇ ನೀ ಹೇಳಬೇಕಪ್ಪ” ಎಂದರು. ನಾವು ಅದಕ್ಕೆ ಒಂದು ಮಾತನ್ನೂ ಸೇರಿಸಬೇಕಾಗಲಿಲ್ಲ. ಸಂಜೆ ಅವರು ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ ಬಂದರು. ಸಾಲ ಸಿಕ್ಕಿತು, ಆದರೆ ಮೊದಲು ಒಪ್ಪಿದಷ್ಟಲ್ಲ. ಮಂಟಪದ ಬದಲು ಮನೆಯ ಮುಂದೆ ಚಪ್ಪರ ಹಾಕಿ ಊಟ ನಡೆಯಿತು. ಆರು ಚಮಚಗಳಲ್ಲಿ ಎರಡನ್ನು ಅಜ್ಜಿ ಮೊಮ್ಮಗಳ ಕೈಗಿತ್ತರು.

ನಮ್ಮ ದೇಶದಲ್ಲಿಯೂ ಈಗ ಎರಡನೆಯ ಸಾಕ್ಷಿ ಇದೆ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೂ 2005ರಲ್ಲಿ ಬೆಳ್ಳಿಗೂ ಹಾಲ್‌ಮಾರ್ಕ್ ಯೋಜನೆ ತಂದಿತು. ಚಿನ್ನದ ಒಡವೆಗಳಿಗೆ 2021ರ ಜೂನ್‌ನಿಂದ ಹಂತಹಂತವಾಗಿ ಅದನ್ನು ಕಡ್ಡಾಯ ಮಾಡಲಾಯಿತು. ಪ್ರತಿ ಒಡವೆಯ ಮೇಲೂ ಆರು ಅಕ್ಷರ ಮತ್ತು ಅಂಕಿಗಳ ಒಂದು ಸಂಕೇತವಿರುತ್ತದೆ. ಅದನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ಶುದ್ಧತೆ, ಪರೀಕ್ಷಿಸಿದ ಕೇಂದ್ರ ಯಾವುದೆಂಬುದು ತಿಳಿಯುತ್ತದೆ. 1478ರ ಆ ಒಂಟಿ ಅಕ್ಷರ ಮಾಡುತ್ತಿದ್ದ ಕೆಲಸವೇ ಇದು.

ಆದಕಾರಣ ಪ್ರಿಯರೇ, ಮದುವೆಗೆ ಒಡವೆ ಕೊಳ್ಳುವಾಗ ಮುದ್ರೆ ನೋಡಿ, ರಸೀದಿ ಕೇಳಿ. ಹಿರಿಯರ ಕಾಲದ ಬೆಳ್ಳಿಯನ್ನು ತಕ್ಕಡಿಗೆ ಹಾಕುವ ಮುನ್ನ ತಿರುವಿ ನೋಡಿ. ಗುರುತುಗಳಿರುವ ಜಾಗವನ್ನು ಹುಣಸೆಹಣ್ಣು, ಬೂದಿಯಿಂದ ಜೋರಾಗಿ ತಿಕ್ಕಬೇಡಿ; ಸವೆದ ಹೆಸರು ಮರಳಿ ಬರುವುದಿಲ್ಲ. ಕೊನೆಯದಾಗಿ, ನೀವು ಇನ್ನೊಬ್ಬರಿಗೆ ಮಾರುವಾಗಲೂ ಒತ್ತೆ ಇಡುವಾಗಲೂ, ಅಡಿಯಲ್ಲಿ ಬರೆದದ್ದನ್ನು ನೀವೇ ಮೊದಲು ಓದಿ ಹೇಳಿ.