ಕೂಡಿ ಕೂರುವ ಹಕ್ಕು: ಜ್ಞಾನೋದಯದ ಕೂಟಗಳೂ 1789ರ ಕ್ರಾಂತಿಯೂ

ವೋಲ್ತೇರ್, ರೂಸೋ ಮೊದಲಾದವರ ಬರಹವೇ ಫ್ರಾನ್ಸಿನ ಕ್ರಾಂತಿಯನ್ನು ಹೊತ್ತಿಸಿತು ಎಂಬ ವಿವರಣೆ ಬಹುಕಾಲದಿಂದ ನೆಲೆಯೂರಿದೆ. ಇದಕ್ಕೆ ಕ್ರಾಂತಿಕಾರಿಗಳೇ ಬಲ ತುಂಬಿದರು. 1791ರಲ್ಲಿ ವೋಲ್ತೇರನ, 1794ರಲ್ಲಿ ರೂಸೋನ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯನ್‌ಗೆ ಮೆರವಣಿಗೆಯಲ್ಲಿ ತಂದಿರಿಸಿ, ತಮ್ಮ ಹಿರಿಯರು ಯಾರೆಂಬುದನ್ನು ಅವರು ಲೋಕಕ್ಕೆ ಸಾರಿದರು. ಆದರೆ ಓದುಗರ ಚರಿತ್ರೆ ಈ ವಂಶಾವಳಿಯನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 1750ರಿಂದ 1780ರವರೆಗಿನ ಐನೂರು ಖಾಸಗಿ ಗ್ರಂಥಭಂಡಾರಗಳ ಪಟ್ಟಿಗಳನ್ನು ಶೋಧಿಸಿದ ಇತಿಹಾಸಕಾರ ಡ್ಯಾನಿಯೆಲ್ ಮೋರ್ನೆಗೆ ರೂಸೋನ 'ಸಾಮಾಜಿಕ ಒಡಂಬಡಿಕೆ'ಯ ಒಂದೇ ಒಂದು ಪ್ರತಿ ಸಿಕ್ಕಿತು. ನಿಷೇಧಿತ ಪುಸ್ತಕಗಳು ಇಂಥ ಪಟ್ಟಿಗಳಲ್ಲಿ ನಮೂದಾಗದಿರುವುದು ಸಹಜವಾದ್ದರಿಂದ ಈ ಸಾಕ್ಷ್ಯವನ್ನು ಎಚ್ಚರದಿಂದಲೇ ಬಳಸಬೇಕು. ಹಾಗಿದ್ದರೂ, ಜ್ಞಾನೋದಯದ ಮುಖ್ಯ ಕೃತಿಯಾದ 'ವಿಶ್ವಕೋಶ'ದ ಅಗ್ಗದ ಆವೃತ್ತಿಗಳ ಮಾರಾಟವನ್ನು ಬೆನ್ನಟ್ಟಿದ ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ ಕಂಡ ಕೊಳ್ಳುಗರಲ್ಲಿ ಹೆಚ್ಚಿನವರು ವಕೀಲರು, ಅಧಿಕಾರಿಗಳು, ಕುಲೀನರು, ಪಾದ್ರಿಗಳು. ಅಂದರೆ ಹಳೆಯ ವ್ಯವಸ್ಥೆಯ ಫಲವುಂಡವರೇ. ಹಾಗಾದರೆ ಜ್ಞಾನೋದಯಕ್ಕೂ ಕ್ರಾಂತಿಗೂ ಇರುವ ನಂಟನ್ನು ಎಲ್ಲಿ ಹುಡುಕಬೇಕು? ಪುಸ್ತಕದ ಪುಟಗಳಿಗಿಂತ ಹೆಚ್ಚಾಗಿ, ಆ ಕಾಲದ ವಿದ್ಯಾವಂತರು ಕೂಡುತ್ತಿದ್ದ ಸಭೆಗಳ ನಡಾವಳಿಯಲ್ಲಿ ಎಂಬುದು ಈ ಲೇಖನದ ವಾದ. ಕ್ರಾಂತಿಯ ಮಿತಿಯೂ ಅಲ್ಲೇ ಕಾಣಸಿಗುತ್ತದೆ.

ಹದಿನೆಂಟನೇ ಶತಮಾನದ ಫ್ರಾನ್ಸಿನಲ್ಲಿ ವ್ಯಕ್ತಿಯ ಸ್ಥಾನ ಹುಟ್ಟಿನಿಂದ ನಿಗದಿಯಾಗುತ್ತಿತ್ತು. ಪಾದ್ರಿಗಳು, ಕುಲೀನರು, ಉಳಿದವರು ಎಂಬ ಮೂರು ವರ್ಗಗಳ ವಿಂಗಡಣೆ ತೆರಿಗೆಯಿಂದ ಹಿಡಿದು ಚರ್ಚಿನ ಆಸನದವರೆಗೆ ಎಲ್ಲವನ್ನೂ ಆಳುತ್ತಿತ್ತು. ಇದೇ ಸಮಾಜದ ಒಳಗೆ ಪ್ರಾಂತೀಯ ಅಕಾಡೆಮಿಗಳು, ಓದುಕೂಟಗಳು, ಫ್ರೀಮೇಸನ್ ಲಾಡ್ಜ್‌ಗಳು ಬೆಳೆದವು. ಇಲ್ಲಿ ಸದಸ್ಯರು ತಮ್ಮ ನಿಯಮಾವಳಿಯನ್ನು ತಾವೇ ಬರೆದುಕೊಂಡರು, ಪದಾಧಿಕಾರಿಗಳನ್ನು ಆರಿಸಿದರು, ಮತ ಹಾಕಿ ತೀರ್ಮಾನಿಸಿದರು. 1773ರಲ್ಲಿ ಹುಟ್ಟಿದ ಫ್ರೀಮೇಸನ್ನರ ಕೇಂದ್ರ ಸಂಸ್ಥೆ ಗ್ರ್ಯಾಂಡ್ ಓರಿಯೆಂಟ್, ಲಾಡ್ಜ್‌ಗಳ ಮುಖ್ಯಸ್ಥರು ಜೀವಾವಧಿ ಪದವಿಯಲ್ಲಿರುವ ಪದ್ಧತಿಯನ್ನು ಕೊನೆಗಾಣಿಸಿ ಚುನಾವಣೆಯನ್ನು ತಂದಿತು. ಅಕಾಡೆಮಿಗಳ ಪ್ರಬಂಧ ಸ್ಪರ್ಧೆಗಳಲ್ಲಿ ಬರೆದವನ ಹೆಸರನ್ನು ಮರೆಮಾಡಿ ಬರಹವನ್ನಷ್ಟೇ ತೂಗಲಾಗುತ್ತಿತ್ತು. ಜಿನೀವಾದ ಗಡಿಯಾರ ಕಸುಬಿಯ ಮಗನಾದ ರೂಸೋ 1750ರಲ್ಲಿ ದಿಜೋನ್ ಅಕಾಡೆಮಿಯ ಬಹುಮಾನ ಪಡೆದು ಹೆಸರಾದದ್ದು ಹೀಗೆ. ಈ ಕೂಟಗಳಲ್ಲಿ ರಾಜದ್ರೋಹದ ಮಾತಿರಲಿಲ್ಲ, ಹೆಚ್ಚಿನವು ರಾಜನ ಮನ್ನಣೆಯನ್ನೇ ಬಯಸಿದವು. ಆದರೂ ಮಾತಿನ ಬೆಲೆಯನ್ನು ಆಡಿದವನ ಕುಲದಿಂದ ಅಳೆಯಬಾರದೆಂಬ ಪಾಠ ಅಲ್ಲಿ ದಿನದಿನವೂ ರೂಢಿಯಾಯಿತು.

ಈ ರೂಢಿ ರಾಜಕೀಯಕ್ಕೆ ಇಳಿದ ದಾರಿಯನ್ನು ಗುರುತಿಸಬಹುದು. 1778ರಲ್ಲಿ ಹಣಕಾಸು ಸಚಿವ ನೆಕ್ಕರ್ ಬೆರಿ ಪ್ರಾಂತ್ಯದಲ್ಲಿ ಸ್ಥಾಪಿಸಿದ ಸಭೆಯಲ್ಲಿ ಮೂರನೇ ವರ್ಗಕ್ಕೆ ಉಳಿದೆರಡು ವರ್ಗಗಳು ಸೇರಿದಷ್ಟೇ ಸ್ಥಾನಗಳಿದ್ದವು, ಮತವೂ ತಲೆಗೊಂದು. 1788ರ ಜುಲೈ 21ರಂದು ವಿಝಿಲ್‌ನಲ್ಲಿ ಸೇರಿದ ದೊಫಿನೆ ಪ್ರಾಂತ್ಯದ ಪ್ರತಿನಿಧಿಗಳು ಇದನ್ನೇ ಇಡೀ ದೇಶದ ಬೇಡಿಕೆಯಾಗಿಸಿದರು. 1614ರ ನಂತರ ಮೊದಲ ಬಾರಿಗೆ 1789ರ ಮೇ 5ರಂದು ವರ್ಸೈಯಲ್ಲಿ ಮೂರೂ ವರ್ಗಗಳ ಪ್ರತಿನಿಧಿ ಸಭೆಯಾದ ಎಸ್ಟೇಟ್ಸ್ ಜನರಲ್ ಕೂಡಿದಾಗ ಆರು ವಾರಗಳ ಜಗಳ ನಡೆದದ್ದು ಸ್ವಾತಂತ್ರ್ಯದ ವ್ಯಾಖ್ಯೆಯನ್ನು ಕುರಿತಲ್ಲ. ವರ್ಗಕ್ಕೊಂದು ಮತವೋ ತಲೆಗೊಂದು ಮತವೋ ಎಂಬುದನ್ನು ಕುರಿತು. ಜೂನ್ 17ರಂದು ಮೂರನೇ ವರ್ಗ ತನ್ನನ್ನು ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡಾಗ, ಅಕಾಡೆಮಿಯ ಕೋಣೆಯ ಒಂದು ಕ್ರಮ ರಾಜ್ಯದ ಬುನಾದಿಯಾಯಿತು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಸಾಲದ ಬಡ್ಡಿಗೇ ಆದಾಯದ ಸುಮಾರು ಅರ್ಧ ಸೋರಿಹೋಗುತ್ತಿದ್ದ ಬೊಕ್ಕಸ, 1788ರ ಬೆಳೆನಾಶ, ಬ್ರೆಡ್ಡಿನ ಬೆಲೆ, ರೈತರ ದಂಗೆ ಇವು ಕೂಟಗಳಿಂದ ಬಂದವಲ್ಲ ಎಂಬುದು ಮೊದಲನೆಯದು. ಇದು ನಿಜ. ಆದರೆ ದಿವಾಳಿತನ ಹಳೆಯ ಆಡಳಿತ ಏಕೆ ಕುಸಿಯಿತೆಂದು ತಿಳಿಸುತ್ತದೆಯೇ ಹೊರತು, ಅದರ ಜಾಗದಲ್ಲಿ ಚುನಾಯಿತ ಸಭೆಯೇ ಏಕೆ ಎದ್ದಿತೆಂದು ತಿಳಿಸುವುದಿಲ್ಲ. ಹಸಿವಿನ ದಂಗೆಗಳು ಫ್ರಾನ್ಸಿಗೆ ಹೊಸವಾಗಿರಲಿಲ್ಲ; ಸಂವಿಧಾನ ಬರೆಯುವ ಸಭೆ ಹೊಸದು. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಪ್ರಾಂತೀಯ ಅಕಾಡೆಮಿಗಳ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕುಲೀನರು ಮತ್ತು ಪಾದ್ರಿಗಳು, ಇಂಥವರಿಂದ ಸಮಾನತೆ ಹೇಗೆ ಬಂದೀತು? ಈ ಆಕ್ಷೇಪವನ್ನು ತಳ್ಳಿಹಾಕದೆ ವಾದದೊಳಕ್ಕೆ ತೆಗೆದುಕೊಳ್ಳಬೇಕು. ಕೂಟದ ಸಮಾನತೆ ಬಾಗಿಲ ಒಳಗಿದ್ದವರಿಗೆ ಮಾತ್ರ ಇತ್ತು. ಕ್ರಾಂತಿ ಆ ಸಮಾನತೆಯ ಜೊತೆಗೆ ಆ ಬಾಗಿಲನ್ನೂ ಬಳುವಳಿಯಾಗಿ ಪಡೆಯಿತು.

ಅದಕ್ಕೆ ಸಾಕ್ಷಿ ಕ್ರಾಂತಿಯ ಕಾನೂನುಗಳಲ್ಲೇ ಇದೆ. 1789ರ ಆಗಸ್ಟ್ 26ರ ಮಾನವ ಹಕ್ಕುಗಳ ಘೋಷಣೆಯ 17 ವಿಧಿಗಳಲ್ಲಿ ಮಾತು, ಬರಹ, ಮುದ್ರಣದ ಸ್ವಾತಂತ್ರ್ಯವಿದೆ; ಸಂಘ ಕಟ್ಟುವ ಸ್ವಾತಂತ್ರ್ಯವಿಲ್ಲ. 1791ರ ಸಂವಿಧಾನ ಶಾಂತಿಯಿಂದ ಸಭೆ ಸೇರುವುದನ್ನು ಒಪ್ಪಿತಾದರೂ, ಅದೇ ವರ್ಷದ ಜೂನ್ 14ರ ಲ ಶಪೆಲಿಯೆ ಕಾನೂನು ಕೂಲಿಯ ಬಗ್ಗೆ ಕಸುಬುದಾರರು ಒಟ್ಟುಗೂಡಿ ತೀರ್ಮಾನಿಸುವುದನ್ನು ನಿಷೇಧಿಸಿತ್ತು. ಮಹಿಳೆಯರ ವಿಷಯ ಇನ್ನೂ ನೋವಿನದು. 1787ರಲ್ಲಿ ಅರಾಸ್ ಅಕಾಡೆಮಿ ಇಬ್ಬರು ವಿದುಷಿಯರನ್ನು ಗೌರವ ಸದಸ್ಯರಾಗಿ ಸೇರಿಸಿಕೊಂಡಿತು. ಆಗ ಅದರ ನಿರ್ದೇಶಕನಾಗಿದ್ದ ಯುವ ವಕೀಲ ರೋಬೆಸ್ಪಿಯರ್ ಮಹಿಳೆಯರ ಪ್ರವೇಶವನ್ನು ಸಮರ್ಥಿಸಿ ಮಾತನಾಡಿದ. ಅವನ ಪಕ್ಷ ಅಧಿಕಾರದಲ್ಲಿದ್ದ 1793ರ ಅಕ್ಟೋಬರ್ 30ರಂದು ಆಗಿನ ಶಾಸನಸಭೆಯಾದ ರಾಷ್ಟ್ರೀಯ ಸಮಾವೇಶ ಮಹಿಳೆಯರ ಸಂಘಗಳನ್ನೆಲ್ಲ ಮುಚ್ಚಿಸಿತು. ಮಹಿಳೆಯರ ಹಕ್ಕುಗಳ ಘೋಷಣೆ ಬರೆದಿದ್ದ ಒಲಾಂಪ್ ದ ಗೂಜ್ ನಾಲ್ಕೇ ದಿನಗಳಲ್ಲಿ ಗಿಲೊಟಿನ್‌ಗೆ ಬಲಿಯಾದಳು. ಕೂಟದಲ್ಲಿ ಕೂತು ಆಳುವುದನ್ನು ಕಲಿತವರು, ಬೇರೆಯವರು ಕೂಟ ಕಟ್ಟಿದಾಗ ಅಂಜಿದರು. ಆ ಕಲಿಕೆ ಎಷ್ಟು ಶಕ್ತಿಯುತವೆಂದು ಅವರಿಗೆ ಸ್ವಾನುಭವದಿಂದ ಗೊತ್ತಿತ್ತು.

ಆದ್ದರಿಂದ ಜ್ಞಾನೋದಯವನ್ನು ಮಹಾಗ್ರಂಥಗಳ ಸಾಲಾಗಿ ಮಾತ್ರ ಓದಿದರೆ ಕ್ರಾಂತಿಯ ಹುಟ್ಟೂ ಅರ್ಥವಾಗದು, ಅದರ ವೈಫಲ್ಯವೂ ಅರ್ಥವಾಗದು. ಸಮಾನತೆ ಪುಸ್ತಕದಲ್ಲಿ ತತ್ತ್ವವಾಗಿದ್ದರೆ ಸಾಲದು. ಅದು ಬದುಕಲು ಜನರು ಕೂಡಿ ಕೂರುವ ಜಾಗ ಬೇಕು, ಆ ಜಾಗದ ಬಾಗಿಲು ತೆರೆದಿರಬೇಕು. ಫ್ರಾನ್ಸಿನಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಸಿಕ್ಕಿದ್ದು 1884ರಲ್ಲಿ. ಎಲ್ಲರಿಗೂ ಸಂಘ ಕಟ್ಟುವ ಸ್ವಾತಂತ್ರ್ಯ ದೊರೆತದ್ದು 1901ರ ಜುಲೈ 1ರ ಕಾನೂನಿನಿಂದ. ಮಹಿಳೆಯರಿಗೆ ಮತದ ಹಕ್ಕು ಬಂದದ್ದು 1944ರಲ್ಲಿ.