ಸಮೀಕರಣ ಹೇಳುವ ವಾಟ

ಸರಳರೇಖೆಯ ಸಮೀಕರಣದಲ್ಲಿ ವೈ ಒಂದನ್ನೇ ಎಡಕ್ಕೆ ಉಳಿಸಿಕೊಂಡರೆ, ಬಲಗಡೆ ಎಕ್ಸ್‌ಗೆ ಅಂಟಿಕೊಂಡ ಸಹಗುಣಕವೇ ರೇಖೆಯ ಇಳಿಜಾರು. ಪಿಯುಸಿ ವಿದ್ಯಾರ್ಥಿಗೆ ಇದು ಎರಡು ಸಾಲಿನ ಕೆಲಸ. ಆದರೆ ಆ ಎರಡು ಸಾಲು ಕೈಗೆ ಬರಲು ಗಣಿತಕ್ಕೆ ಶತಮಾನಗಳೇ ಹಿಡಿದವು. ಏರಿಕೆಗೂ ದೂರಕ್ಕೂ ಇರುವ ಅನುಪಾತ ನಮ್ಮವರಿಗೆ ಹೊಸದಾಗಿರಲಿಲ್ಲ.  ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದ ಕೊನೆಯ ಅಧ್ಯಾಯ ನೆರಳಿನ ಲೆಕ್ಕಕ್ಕೇ ಮೀಸಲು. ಅದನ್ನೇ ಇಳಿಜಾರಿನ ಗಣಿತವೆಂದು ಹೊಗಳುವುದು ಅತಿಯಾಗುತ್ತದೆ. ಅಲ್ಲಿ ಅನುಪಾತವಿದೆ, ರೇಖೆಯ ಸಮೀಕರಣವಿಲ್ಲ. ವಿಜಯನಗರದ ಕಾಲದ ಆನೆಗೊಂದಿ, ಗಂಗಾವತಿ ಕಾಲುವೆಗಳಿಗೂ ಈ ಮಾತು ಸಲ್ಲುತ್ತದೆ. ಸಮೀಕರಣದ ಹಂಗಿಲ್ಲದೆಯೇ ವಾಟವನ್ನು ಆಳಬಹುದೆಂಬುದಕ್ಕೆ ಅವುಗಳಲ್ಲಿ ಹರಿದ ನೀರೇ ಸಾಕ್ಷಿ.

1637ರಲ್ಲಿ ಯುರೋಪಿನಲ್ಲಿ ಗಣಿತಜ್ಞ ಡೆಕಾರ್ಟ್ ಬೀಜಗಣಿತವನ್ನೂ ರೇಖಾಗಣಿತವನ್ನೂ ಬೆಸೆದ ಕೃತಿ ಪ್ರಕಟಿಸಿದ. ಎರಡು ಅವ್ಯಕ್ತಗಳ ಒಂದನೇ ಘಾತದ ಸಮೀಕರಣವೆಂದರೆ ಸರಳರೇಖೆ ಎಂದು ಫರ್ಮಾ ಅದೇ ದಶಕದಲ್ಲಿ ಕಂಡುಕೊಂಡಿದ್ದ. ಅವನ ಬರಹ ಅಚ್ಚಾದದ್ದು ಮಾತ್ರ 1679ರಲ್ಲಿ. ಇಬ್ಬರೂ ಇಳಿಜಾರನ್ನು ಬೇರೆಯೇ ಒಂದು ಸಂಖ್ಯೆಯಾಗಿ ಎತ್ತಿ ತೋರಿಸಲಿಲ್ಲ. ಒಂದು ಬಿಂದು, ಒಂದು ಇಳಿಜಾರು ಇಟ್ಟುಕೊಂಡು ರೇಖೆ ಬರೆಯುವ ಕ್ರಮ ಸ್ಪಷ್ಟವಾಗಿ ಕಾಣುವುದು 18ನೇ ಶತಮಾನದ ಕೊನೆಗೆ, ಗಣಿತಜ್ಞ ಮಾಂಜ್‌ನ ಬರಹದಲ್ಲಿ. ಇಷ್ಟು ತಡವೇಕೆ? ಡೆಕಾರ್ಟ್‌ನಂಥವರ ಗಮನವೆಲ್ಲ ವಕ್ರರೇಖೆಗಳ ಮೇಲಿತ್ತು. ಸರಳರೇಖೆ ಅವರಿಗೆ ಚರ್ಚೆಗೆ ಯೋಗ್ಯವೆನಿಸಲಿಲ್ಲ. 1684ರಲ್ಲಿ ಲೈಬ್‌ನಿಟ್ಸ್‌ನ ಕಲನಶಾಸ್ತ್ರ ಪ್ರಕಟವಾಗಿ, ವಕ್ರರೇಖೆಯ ಸ್ಪರ್ಶಕ ಎಷ್ಟು ವಾಲಿದೆ ಎಂಬ ಪ್ರಶ್ನೆ ಮುಖ್ಯವಾದ ಮೇಲೆಯೇ ಸರಳರೇಖೆಯ ವಾಲಿಕೆಗೂ ಬೆಲೆ ಬಂತು ಎಂಬುದು ನನ್ನ ತೀರ್ಮಾನ.

ಹೊಲದ ವಾಟ ರೈತನ ಕಣ್ಣಿಗೇ ತಿಳಿಯುವಾಗ ಸಮೀಕರಣದ ಗೊಡವೆ ಏಕೆ ಎಂದು ಆಕ್ಷೇಪಿಸಬಹುದು. ಒಂದು ಹೊಲದ ಮಟ್ಟಿಗೆ ಅದು ಸರಿ. ಆದರೆ ಮುನಿರಾಬಾದಿನಿಂದ ಹೊರಟು 220 ಕಿಲೋಮೀಟರಿಗೂ ಹೆಚ್ಚು ದೂರ ಸಾಗುವ ತುಂಗಭದ್ರಾ ಎಡದಂಡೆ ಕಾಲುವೆಯಂಥ ಕಡೆ ಕಣ್ಣು ಸೋಲುತ್ತದೆ. ಕಾಲುವೆಯ ಒಂದು ಭಾಗಕ್ಕೆ ಎಕ್ಸ್ + 5000 ವೈ = 24,50,000 ಎಂಬ ಸಮೀಕರಣವನ್ನು ಕಲ್ಪಿಸಿಕೊಳ್ಳೋಣ; ಎಕ್ಸ್ ಎಂದರೆ ಮೀಟರಿನಲ್ಲಿ ದೂರ, ವೈ ಎಂದರೆ ಎತ್ತರ. ವೈ = 490 − ಎಕ್ಸ್/5000 ಎಂದಾಗುತ್ತದೆ. ಇಳಿಜಾರು −1/5000, ಅಂದರೆ ಕಿಲೋಮೀಟರಿಗೆ 20 ಸೆಂಟಿಮೀಟರ್ ಇಳಿತ. ಇದನ್ನು ಯಾವ ಕಣ್ಣೂ ಕಾಣದು, ಸಮೀಕರಣ ಕಾಣಿಸುತ್ತದೆ. ನೆಲ ಎಲ್ಲೂ ಸರಳರೇಖೆಯಲ್ಲ ಎಂಬ ಇನ್ನೊಂದು ಆಕ್ಷೇಪವೂ ನಿಜವೇ. ಅದಕ್ಕಾಗಿಯೇ ಕಾಲುವೆಯನ್ನು ಭಾಗಭಾಗವಾಗಿ ವಿನ್ಯಾಸ ಮಾಡುತ್ತಾರೆ. ಒಂದೊಂದು ಭಾಗಕ್ಕೂ ಅದರದೇ ಇಳಿಜಾರು.

ವಿದ್ಯಾರ್ಥಿಗಳು ಹೆಚ್ಚಾಗಿ ಕಳೆದುಕೊಳ್ಳುವುದು ಆ ಋಣ ಚಿಹ್ನೆಯನ್ನು. ಸಮೀಕರಣವನ್ನು ತಿರುಗಿಸಿ ಬರೆಯದೆ ಸಹಗುಣಕಗಳನ್ನು ನೇರವಾಗಿ ಭಾಗಿಸಿದರೆ ಉತ್ತರ +1/5000 ಆಗುತ್ತದೆ, ನೀರು ಏರು ಹತ್ತಬೇಕಾಗುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಅದು ಬರೀ ಒಂದು ಅಂಕದ ಮಾತಲ್ಲ. ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಗಂಗಾವತಿ ಅದಕ್ಕಿಂತ ತಗ್ಗಿನಲ್ಲಿರುವುದರಿಂದ ಕಾಲುವೆಯ ನೀರು ತಾನಾಗಿ ಹರಿದು ಭತ್ತ ಬೆಳೆಯಿತು. ಕುಷ್ಟಗಿ, ಯಲಬುರ್ಗಾ ಎತ್ತರದಲ್ಲಿರುವುದರಿಂದ ಅಲ್ಲಿಗೆ ನೀರು ಬರಬೇಕಾದರೆ ಪಂಪಿನಿಂದ ಎತ್ತಲೇಬೇಕು. ಎಕ್ಸ್‌ಗೆ ಅಂಟಿದ ಚಿಹ್ನೆ ಇಲ್ಲಿ ಬೆಳೆಯನ್ನೇ ನಿರ್ಧರಿಸುತ್ತದೆ. ಆದ್ದರಿಂದ ಈ ಜಿಲ್ಲೆಯ ಗಣಿತ ಶಿಕ್ಷಕರಲ್ಲಿ ಒಂದು ಕೋರಿಕೆ: ಇಳಿಜಾರು ಕಂಡುಹಿಡಿಯಿರಿ ಎಂಬ ಪ್ರಶ್ನೆಯ ಜೊತೆಗೆ, ಈ ರೇಖೆಯ ಮೇಲೆ ನೀರು ಯಾವ ಕಡೆಗೆ ಹರಿಯುತ್ತದೆ, ಕಿಲೋಮೀಟರಿಗೆ ಎಷ್ಟು ಇಳಿಯುತ್ತದೆ ಎಂದೂ ಕೇಳಿ, ಆ ಉತ್ತರಕ್ಕೂ ಅಂಕ ಕೊಡಿ.